ಸೇಡಂ ಹೊಲದ ತೊಗರಿ, ನಂಪುಲಾ ಹೊಲದ ತೊಗರಿ

ಓದುಗರ ಪ್ರಶ್ನೆ: ನಮ್ಮದು ಸೇಡಂ ತಾಲ್ಲೂಕು. ಏಳು ಎಕರೆ ಎರಿ ಹೊಲ, ಎಲ್ಲಾ ತೊಗರಿ. ಮಗಳು ಕಲಬುರಗಿಯಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಾಳೆ. ಬಡ ದೇಶಗಳ ಮಾಲನ್ನು ಸುಂಕ ಇಲ್ಲದೆ ತರಿಸಿಕೊಳ್ಳುವುದೂ ಅಂತರರಾಷ್ಟ್ರೀಯ ಅಭಿವೃದ್ಧಿ ನೀತಿಯ ಒಂದು ಭಾಗ ಅಂತ ಆಕೆಗೆ ಪಾಠ ಇದೆಯಂತೆ. ನಾನು ಕೇಳುವುದು ಇಷ್ಟೇ. ಮೊಜಾಂಬಿಕ್ ರೈತನ ಬಡತನ ತೀರಿಸುವ ಖರ್ಚು ನನ್ನ ತೊಗರಿ ರೇಟಿನಿಂದ ಯಾಕೆ ಹೋಗಬೇಕು? ನಾವೇನು ಶ್ರೀಮಂತರಾ? ಹಾಗಂತ ಅವನನ್ನು ಬೈಯಲು ಬಾಯಿ ಬರುವುದಿಲ್ಲ. ಅವನೂ ನಮ್ಮ ಹಾಗೆ ಮಳೆ ನೋಡಿ ಬಿತ್ತುವವನು ಅಂತ ಮಗಳು ಹೇಳುತ್ತಾಳೆ. ಹಾಗಾದರೆ ತಪ್ಪು ಯಾರದು?

ಉತ್ತರ: ಅಣ್ಣಾ, ಮೊದಲು ನೇರ ಉತ್ತರ ಕೊಡುತ್ತೇನೆ. ನಿಮ್ಮ ರೇಟಿನಿಂದ ಒಂದಿಷ್ಟು ಹೋಗುತ್ತಿರುವುದು ನಿಜ. ಆದರೆ ಅದು ಮೊಜಾಂಬಿಕ್ ರೈತನ ಮನೆ ಸೇರುತ್ತಿಲ್ಲ. ಅವನ ಕೈಗೆ ಬರುವುದೂ ಅಷ್ಟಕ್ಕಷ್ಟೇ. ನಡುವೆ ವ್ಯಾಪಾರಿ, ಬಂದರು, ಹಡಗು, ಗಿರಣಿ ಎಲ್ಲಾ ಇವೆ. ಅದಕ್ಕಿಂತ ಮುಖ್ಯವಾಗಿ, ಪಟ್ಟಣದಲ್ಲಿ ಬೇಳೆ ಬೆಲೆ ಏರಬಾರದು ಅನ್ನುವ ನಮ್ಮದೇ ಸರ್ಕಾರಗಳ ಚಿಂತೆ ಇದೆ. ಇದನ್ನು ಬಿಡಿಸಿ ಹೇಳಲು ಸ್ವಲ್ಪ ಉದ್ದ ಆಗುತ್ತದೆ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಸುಂಕ ಬಿಡುವ ಮಾತು ಎಲ್ಲಿಂದ ಬಂತು? ವಿಶ್ವಸಂಸ್ಥೆ ತೀರಾ ಹಿಂದುಳಿದ ದೇಶಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ನಮಗೆ ತೊಗರಿ ಕಳಿಸುವ ಮೊಜಾಂಬಿಕ್, ಮಲಾವಿ, ಟಾಂಜಾನಿಯಾ, ಮ್ಯಾನ್ಮಾರ್ ನಾಲ್ಕೂ ಆ ಪಟ್ಟಿಯಲ್ಲಿವೆ. 2005ರಲ್ಲಿ ಹಾಂಕಾಂಗ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ಸೇರಿತ್ತು. ಈ ದೇಶಗಳ ಮಾಲಿಗೆ ಬಾಗಿಲು ತೆರೆಯಬೇಕು ಅಂತ ಅಲ್ಲಿ ತೀರ್ಮಾನ ಆಯಿತು. ಭಾರತ 2008ರ ಏಪ್ರಿಲ್‌ನಲ್ಲಿ, ದೆಹಲಿಯಲ್ಲಿ ನಡೆದ ಮೊದಲ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ, ತನ್ನ ಕಡೆಯಿಂದ ಸುಂಕ ವಿನಾಯಿತಿ ಘೋಷಿಸಿತು. ಆಮೇಲೆ ಅದನ್ನು ಇನ್ನಷ್ಟು ವಸ್ತುಗಳಿಗೆ ಹರಡಿತು. ಒಳ್ಳೆಯ ಕೆಲಸವೇ. ನಾನು ಇದನ್ನು ತಪ್ಪು ಅನ್ನುವುದಿಲ್ಲ.

ಯಾಕೆ ಅನ್ನುವುದಿಲ್ಲ ಅಂದರೆ, ನಾವೂ ಇದನ್ನೇ ಕೇಳಿ ಪಡೆದವರು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅದರಲ್ಲಿ 39 ಅತಿ ಹಿಂದುಳಿದವು. ಆ 39ರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕಲಬುರಗಿ ವಿಭಾಗದವೇ. ಎಷ್ಟೋ ವರ್ಷ ಹೋರಾಡಿದ ಮೇಲೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. ಹಿಂದೆ ಬಿದ್ದವರಿಗೆ ಎಲ್ಲರ ಜೊತೆ ಒಂದೇ ಗೆರೆಯಿಂದ ಓಡು ಅನ್ನುವುದು ನ್ಯಾಯ ಅಲ್ಲ, ಸ್ವಲ್ಪ ಮುಂದೆ ನಿಲ್ಲಿಸಬೇಕು ಅಂತ ನಾವು ವಾದ ಮಾಡಿದೆವು. ಮೊಜಾಂಬಿಕ್‌ಗೆ ಸುಂಕ ಬಿಡುವುದೂ ಅದೇ ವಾದ. ದೇಶ ದೇಶಗಳ ನಡುವಿನ 371(ಜೆ) ಅಂತ ತಿಳಿಯಿರಿ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಿಮ್ಮ ಪ್ರಶ್ನೆಯ ಜೀವ ಅಲ್ಲೇ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಹಣ ಬರುವುದು ಸರ್ಕಾರದ ಖಜಾನೆಯಿಂದ. ಅಂದರೆ ತೆರಿಗೆ ಕಟ್ಟುವ ಎಲ್ಲರಿಂದ. ಶ್ರೀಮಂತ ದೇಶಗಳು ಕೊಡುವ ನೆರವೂ ಖಜಾನೆಯ ಹಣವೇ. ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ಕೊಡಬೇಕು ಅಂತ 1970ರಲ್ಲೇ ವಿಶ್ವಸಂಸ್ಥೆಯಲ್ಲಿ ಗುರಿ ಇಟ್ಟರು. ಅದನ್ನು ಮುಟ್ಟಿದ ದೇಶಗಳು ಬೆರಳೆಣಿಕೆಯವು, ಆ ಮಾತು ಬೇರೆ. ಖಜಾನೆಯಿಂದ ಕೊಟ್ಟರೆ ಲೆಕ್ಕ ಇರುತ್ತದೆ. ಸದನದಲ್ಲಿ ಯಾರಾದರೂ ಎದ್ದು ನಿಂತು ಕೇಳುತ್ತಾರೆ. ಸುಂಕ ಬಿಟ್ಟು ಕೊಟ್ಟರೆ ಆ ಭಾರ ಅದೇ ಬೆಳೆ ಬೆಳೆಯುವವನ ಮೇಲೆ ಬೀಳುತ್ತದೆ. ಎಷ್ಟು ಬಿತ್ತು ಅಂತ ಯಾವ ಬಜೆಟ್ ಪುಸ್ತಕದಲ್ಲೂ ಬರೆದಿರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಒಣ ಬೇಸಾಯದ ರೈತ ದೇಶದ ಪರವಾಗಿ ನೆರವು ಕೊಡುತ್ತಾನೆ. ಅವನಿಗೆ ಒಂದು ಥ್ಯಾಂಕ್ಸ್ ಹೇಳಿದವರೂ ಇಲ್ಲ.

ಈಗ 2015ರಿಂದ 2017ರವರೆಗೆ ನಡೆದದ್ದನ್ನು ನೆನಪು ಮಾಡಿಕೊಳ್ಳೋಣ. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

2015ರ ಕೊನೆಗೆ ಅಂಗಡಿಯಲ್ಲಿ ತೊಗರಿ ಬೇಳೆ ಕೆ.ಜಿ.ಗೆ 200 ರೂಪಾಯಿ ಮುಟ್ಟಿತು. ಎರಡು ವರ್ಷ ಮಳೆ ಕೈಕೊಟ್ಟಿತ್ತು. 2015-16ರಲ್ಲಿ ದೇಶದ ತೊಗರಿ ಸುಮಾರು 25 ಲಕ್ಷ ಟನ್ ಮಾತ್ರ. ದೆಹಲಿಯಲ್ಲಿ ಗಾಬರಿ ಆಯಿತು. 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ ಒಂದು ಒಪ್ಪಂದ ಆಯಿತು. ಮೊದಲ ವರ್ಷ 1 ಲಕ್ಷ ಟನ್ ತರಿಸುವುದು, ವರ್ಷ ವರ್ಷ ಏರಿಸುತ್ತಾ 2020-21ಕ್ಕೆ 2 ಲಕ್ಷ ಟನ್ ಮಾಡುವುದು. ಅದೇ ಹೊತ್ತಿಗೆ ಇಲ್ಲಿ ಬೆಂಬಲ ಬೆಲೆಯನ್ನು ಬೋನಸ್ ಸೇರಿಸಿ ಕ್ವಿಂಟಲ್‌ಗೆ 5,050 ರೂಪಾಯಿ ಮಾಡಿದರು. ಮಳೆಯೂ ಚೆನ್ನಾಗಿ ಬಂತು. ಹಿಂದಿನ ವರ್ಷದ ರೇಟು ಎಲ್ಲರ ಕಣ್ಣ ಮುಂದೆ ಇತ್ತು. ನೀವೂ ಆ ವರ್ಷ ಇದ್ದಬದ್ದ ಹೊಲಕ್ಕೆಲ್ಲಾ ತೊಗರಿ ಹಾಕಿರಬೇಕು. ಎಲ್ಲರೂ ಹಾಕಿದರು. ದೇಶದ ಬೆಳೆ ಒಂದೇ ವರ್ಷದಲ್ಲಿ 48 ಲಕ್ಷ ಟನ್ ದಾಟಿತು.

ರೇಟು ಬಿತ್ತು. 2017ರ ಜನವರಿ, ಫೆಬ್ರವರಿಯಲ್ಲಿ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಕಾಲಿಡಲು ಜಾಗ ಇರಲಿಲ್ಲ. ನಮ್ಮ ಮನೆಯದೂ ಆಳಂದ ಕಡೆ ಹೊಲ. ನನ್ನ ತಮ್ಮ ಒಂದು ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ನಾಲ್ಕು ರಾತ್ರಿ ಕಾದ. ಮೊದಲು ಚೀಲ ಇಲ್ಲ ಅಂದರು. ಆಮೇಲೆ ಗೋದಾಮಿನಲ್ಲಿ ಜಾಗ ಇಲ್ಲ ಅಂದರು. ಐದನೇ ದಿನ ಅದೇ ಟ್ರ್ಯಾಕ್ಟರನ್ನು ಅಡತಿ (ದಲ್ಲಾಳಿ) ಅಂಗಡಿಗೆ ತಿರುಗಿಸಿ, ಬೆಂಬಲ ಬೆಲೆಗಿಂತ ಸಾವಿರ ರೂಪಾಯಿ ಕಡಿಮೆಗೆ ಕೊಟ್ಟು ಬಂದ. ಗೊಬ್ಬರದ ಉದ್ರಿ ತೀರಿಸಬೇಕಿತ್ತು. ಅವನು ಅವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸರ್ಕಾರ ಸುಮ್ನೆ ಕೂತಿರಲಿಲ್ಲ. 2017ರ ಮಾರ್ಚ್ ಕೊನೆಗೆ ಹೊರಗಿನ ತೊಗರಿಗೆ ಶೇ 10 ಸುಂಕ ಹಾಕಿತು. ಆದರೆ ತೊಗರಿ ಹೆಚ್ಚಾಗಿ ಬರುವುದೇ ಸುಂಕ ವಿನಾಯಿತಿ ಇರುವ ದೇಶಗಳಿಂದ. ಅವುಗಳಿಗೆ ಈ ಸುಂಕ ತಾಗಲೇ ಇಲ್ಲ. ಬಾಗಿಲಿಗೆ ಬೀಗ ಹಾಕಿ ಗೋಡೆ ಕಟ್ಟುವುದನ್ನು ಮರೆತ ಹಾಗಾಯಿತು. ಕೊನೆಗೆ 2017ರ ಆಗಸ್ಟ್ 5ರಂದು, ವರ್ಷಕ್ಕೆ 2 ಲಕ್ಷ ಟನ್‌ಗಿಂತ ಹೆಚ್ಚು ತೊಗರಿ ಬರಬಾರದು ಅಂತ ಮಿತಿ ಹಾಕಿತು. ಸರ್ಕಾರ ಸರ್ಕಾರಗಳ ನಡುವಿನ ಒಪ್ಪಂದದ ಮಾಲಿಗೆ ಮಾತ್ರ ಈ ಮಿತಿ ಇರಲಿಲ್ಲ.

ಆ ತಾರೀಖು ನೋಡಿ ಅಣ್ಣಾ. ಆಗಸ್ಟ್ 5. ಅಷ್ಟರಲ್ಲಿ ನೀವು, ನನ್ನ ತಮ್ಮ, ಸಣ್ಣ ಹಿಡುವಳಿಯ ಎಲ್ಲರೂ ಮಾಲು ಮಾರಿ ಆರು ತಿಂಗಳಾಗಿತ್ತು. ಬಾಗಿಲು ಮುಚ್ಚಿದ್ದರಿಂದ ನಮಗೆ ಸಿಕ್ಕಿದ್ದು ಏನೂ ಇಲ್ಲ. ಗೋದಾಮಿನಲ್ಲಿ ಇಟ್ಟುಕೊಂಡು ಕಾಯುವ ಶಕ್ತಿ ಇದ್ದವರಿಗೆ ಅಷ್ಟಿಷ್ಟು ಸಿಕ್ಕಿರಬಹುದು.

ಅದೇ ತಾರೀಖನ್ನು ಆ ಕಡೆಯಿಂದ ನೋಡಿ. ಮೊಜಾಂಬಿಕ್‌ನ ಉತ್ತರ, ಮಧ್ಯ ಭಾಗದಲ್ಲಿ ನಂಪುಲಾ, ಜಾಂಬೇಜಿಯಾ ಅಂತ ಪ್ರಾಂತ್ಯಗಳಿವೆ. ಅಲ್ಲಿನ ರೈತರಲ್ಲಿ ಹೆಚ್ಚಿನವರಿಗೆ ನಿಮಗಿಂತ ಕಡಿಮೆ ಹೊಲ. ಎತ್ತಿಲ್ಲ, ಟ್ರ್ಯಾಕ್ಟರ್ ಇಲ್ಲ, ಸಲಿಕೆ ಗುದ್ದಲಿಯ ಬೇಸಾಯ. 1975ರಲ್ಲಿ ಪೋರ್ಚುಗೀಸರು ಹೋದರು. ಎರಡೇ ವರ್ಷಕ್ಕೆ ಅಂತರ್ಯುದ್ಧ ಶುರುವಾಗಿ 1992ರವರೆಗೆ ನಡೆಯಿತು. ರಸ್ತೆ, ಶಾಲೆ, ಗೋದಾಮು ಎಲ್ಲಾ ಹಾಳಾದವು. ತೊಗರಿಗೆ ಅವರು ಫೆಯ್ಜಾವ್ ಬೊಯೆರ್ ಅನ್ನುತ್ತಾರೆ. ಪಕ್ಕದ ಮಲಾವಿಯಲ್ಲಿ ನಂದೋಲೊ. ಮಲಾವಿಯವರು ಅದನ್ನು ಬೇಯಿಸಿ ತಿನ್ನುತ್ತಾರೆ. ಮೊಜಾಂಬಿಕ್‌ನಲ್ಲಿ ಒಣ ತೊಗರಿ ಹೆಚ್ಚಾಗಿ ಮಾರಾಟಕ್ಕೇ. ಕೊಳ್ಳುವವರು ನಾವು ಮಾತ್ರ ಅಂದರೂ ತಪ್ಪಿಲ್ಲ.

ಭಾರತದ ಒಪ್ಪಂದದ ಸುದ್ದಿ ಕೇಳಿ ಅವರು 2016ರ ಕೊನೆಯಲ್ಲಿ ಜಾಸ್ತಿ ಬಿತ್ತಿದರು. ಅವರ ಮಳೆಗಾಲ ನವೆಂಬರ್, ಡಿಸೆಂಬರ್‌ಗೆ ಶುರು. ರಾಶಿ ಮಾಡುವುದು ಜುಲೈಯಿಂದ ಸೆಪ್ಟೆಂಬರ್. ಅಂದರೆ ಆಗಸ್ಟ್ 5ಕ್ಕೆ ಅವರ ತೊಗರಿ ಕಣದಲ್ಲಿತ್ತು. ಒಪ್ಪಂದದಲ್ಲಿ ಎಷ್ಟು ಟನ್ ಅಂತ ಇತ್ತು, ಎಷ್ಟು ಬೆಲೆ ಅಂತ ಖಾತರಿ ಇರಲಿಲ್ಲ. ಅವರು ಬೆಳೆದದ್ದು ಒಪ್ಪಂದದ ಪ್ರಮಾಣಕ್ಕಿಂತ ಜಾಸ್ತಿ. ವ್ಯಾಪಾರಿಗಳು ಕೈ ಎತ್ತಿದರು. ಹಿಂದಿನ ವರ್ಷದ ರೇಟಿಗೆ ಹೋಲಿಸಿದರೆ ಪುಡಿಗಾಸಿಗೆ ಇಳಿಯಿತು. ಬೇಳೆ ಮಾಡಿ ತಿನ್ನೋಣ ಅಂದರೆ ಅಭ್ಯಾಸ ಇಲ್ಲ, ಗಿರಣಿ ಇಲ್ಲ.

ಒಂದೇ ವರ್ಷ, ಒಂದೇ ಬೆಳೆ. ಸೇಡಂನವರೂ ಮುಳುಗಿದರು, ನಂಪುಲಾದವರೂ ಮುಳುಗಿದರು. ಒಬ್ಬನ ನಷ್ಟ ಇನ್ನೊಬ್ಬನ ಲಾಭ ಆಗಿದ್ದರೆ ನಿಮ್ಮ ಪ್ರಶ್ನೆಗೆ ಸುಲಭವಾಗಿ ಉತ್ತರ ಹೇಳಬಹುದಿತ್ತು. ಇಲ್ಲಿ ಇಬ್ಬರಿಗೂ ನಷ್ಟ. ಯಾಕೆ ಅಂದರೆ ಬಿತ್ತುವಾಗ ಒಂದು ಮಾತು, ರಾಶಿ ಮಾಡುವಾಗ ಇನ್ನೊಂದು ಮಾತು. ತಪ್ಪು ಯಾರದು ಅಂತ ಕೇಳಿದಿರಲ್ಲ, ನನ್ನ ಉತ್ತರ ಇದು. ಬಿತ್ತನೆಯ ಕ್ಯಾಲೆಂಡರ್ ನೋಡದೆ ಬಾಗಿಲು ತೆರೆದು ಮುಚ್ಚುವ ನೀತಿಯದು ತಪ್ಪು. ಆಮದು ಅನ್ನುವುದೇ ತಪ್ಪಲ್ಲ.

ಆಮದೊಂದೇ ರೇಟು ಬೀಳಿಸುವುದಿಲ್ಲ ಅನ್ನುವುದಕ್ಕೆ ಇನ್ನೂ ಹತ್ತಿರದ ಉದಾಹರಣೆ ಇದೆ. 2021ರ ಮೇ ತಿಂಗಳಲ್ಲಿ ತೊಗರಿ ಆಮದನ್ನು ಮತ್ತೆ ಪೂರ್ತಿ ಮುಕ್ತ ಮಾಡಿದರು. ಮೊಜಾಂಬಿಕ್ ಜೊತೆ ವರ್ಷಕ್ಕೆ 2 ಲಕ್ಷ ಟನ್ ಅಂತ ಐದು ವರ್ಷಕ್ಕೆ ಮುಂದುವರಿಸಿದರು. ಮ್ಯಾನ್ಮಾರ್ ಜೊತೆ 1 ಲಕ್ಷ ಟನ್, ಮಲಾವಿ ಜೊತೆ 50 ಸಾವಿರ ಟನ್. ಆದರೂ 2022ರ ಹಂಗಾಮಿನಲ್ಲಿ ನಮ್ಮಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗಿತಲ್ಲ, ಆಮೇಲೆ ರೇಟು ಏರುತ್ತಲೇ ಹೋಯಿತು. 2024ರಲ್ಲಿ ಕ್ವಿಂಟಲ್‌ಗೆ 10 ಸಾವಿರ ದಾಟಿತು. ಸುಂಕ ಇರಲಿಲ್ಲ, ಬಾಗಿಲು ತೆರೆದೇ ಇತ್ತು, ಆದರೂ ಏರಿತು. 2023ರ ಕೊನೆಗೆ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ರಫ್ತುದಾರರ ಜಗಳ ಕೋರ್ಟಿಗೆ ಹೋಗಿ ತೊಗರಿ ಅಲ್ಲೇ ಸಿಕ್ಕಿಕೊಂಡಿದ್ದೂ ಒಂದು ಕಾರಣ. ಆಮೇಲೆ 2024-25ರಲ್ಲಿ ಬೆಳೆ ಸುಧಾರಿಸಿತು. ಆಮದೂ 12 ಲಕ್ಷ ಟನ್ ದಾಟಿತು. 7,550 ರೂಪಾಯಿ ಬೆಂಬಲ ಬೆಲೆ ಇದ್ದರೂ ಗಂಜ್‌ನಲ್ಲಿ ರೇಟು ಅದಕ್ಕಿಂತ ಕೆಳಗೆ ಇಳಿಯಿತು. ನಮ್ಮ ರಾಶಿಯೂ ಹಡಗಿನ ಮಾಲೂ ಒಟ್ಟಿಗೆ ಬಂದು ಬಿದ್ದಾಗ ಪೆಟ್ಟು ಬೀಳುತ್ತದೆ.

ಆಫ್ರಿಕಾದ ಮಾಲು ಸೆಪ್ಟೆಂಬರ್‌ನಿಂದ ಬರತೊಡಗುತ್ತದೆ. ನಾವು ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹೊತ್ತಿಗೆ ಅದು ಗೋದಾಮುಗಳಲ್ಲಿ ಕೂತಿರುತ್ತದೆ. ಗಿರಣಿಯವರಿಗೆ ಅವಸರ ಇರುವುದಿಲ್ಲ. ನಿಮಗೆ ಅವಸರ ಇರುತ್ತದೆ. ಅದರ ಹಿಂದೆಯೇ ಮ್ಯಾನ್ಮಾರ್‌ನ ಲೆಮನ್ ತೂರ್ ಅನ್ನುವ ತೊಗರಿ ಬರುತ್ತದೆ. ಅವರ ಬೆಳೆಯ ಕಾಲ ಹೆಚ್ಚುಕಡಿಮೆ ನಮ್ಮದೇ.

ಇನ್ನೊಂದು ಮಾತು ಹೇಳದಿದ್ದರೆ ಉತ್ತರ ಅರ್ಧ ಆಗುತ್ತದೆ. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಗೂ ಸುಂಕ ತೆಗೆದರು. ಅದು ಬರುವುದು ಬಡ ದೇಶಗಳಿಂದಲ್ಲ. ಕೆನಡಾದಿಂದ, ರಷ್ಯಾದಿಂದ. 2024-25ರಲ್ಲಿ 20 ಲಕ್ಷ ಟನ್‌ಗೂ ಜಾಸ್ತಿ ಬಂತು. ಅಗ್ಗದ ಬಟಾಣಿ ಬಂದರೆ ಕಡಲೆ, ತೊಗರಿ ಎಲ್ಲದರ ರೇಟಿಗೂ ಎಳೆತ ಬೀಳುತ್ತದೆ. ರೈತರು ಕೂಗಾಡಿದ ಮೇಲೆ 2025ರ ನವೆಂಬರ್‌ನಿಂದ ಶೇ 30 ಸುಂಕ ಬಂತು. ಇದರಲ್ಲಿ ಯಾವ ಅಭಿವೃದ್ಧಿ ನೆರವು ಇತ್ತು? ಏನೂ ಇಲ್ಲ. ಬೆಲೆ ಏರಿಕೆ ತಡೆಯುವ ಲೆಕ್ಕ ಅಷ್ಟೇ. ಹಾಗಾಗಿಯೇ ಮೊದಲು ಹೇಳಿದೆ, ನಿಮ್ಮ ರೇಟಿನಿಂದ ಹೋದದ್ದು ಹೆಚ್ಚಾಗಿ ಪಟ್ಟಣದ ಅಡುಗೆಮನೆಗೆ ಹೋಗಿದೆ ಅಂತ.

ಆದರೆ ಆ ಅಡುಗೆಮನೆಗಳಲ್ಲಿ ನಮ್ಮವೂ ಇವೆ, ಇದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಯಾದಗಿರಿ ಜಿಲ್ಲೆಯಿಂದ ಗುಳೆ ಹೋಗಿ ಬೆಂಗಳೂರಿನಲ್ಲಿ, ಪುಣೆಯಲ್ಲಿ ಗಾರೆ ಕೆಲಸ ಮಾಡುವವರು ಬೇಳೆ ಕೊಂಡು ತಿನ್ನುತ್ತಾರೆ. ನಿಮ್ಮ ಹೊಲಕ್ಕೆ ಕಳೆ ತೆಗೆಯಲು, ತೊಗರಿ ಕುಡಿ ಚಿವುಟಲು ಬರುವ ಹೆಣ್ಣುಮಕ್ಕಳಿಗೂ ಸ್ವಂತ ಹೊಲ ಇರುವುದು ಅಪರೂಪ. ಬೇಳೆ 200 ರೂಪಾಯಿ ಆದಾಗ ಅವರ ಮನೆಯಲ್ಲಿ ಮೊದಲು ತೆಳ್ಳಗಾಗುವುದು ಸಾರು. ಆ ಸಾರಿನಲ್ಲಿ ಕೊನೆಗೆ ಉಣ್ಣುವುದು ತಾಯಿ. ದೇಶದ 112 ಹಿಂದುಳಿದ ಜಿಲ್ಲೆಗಳನ್ನು ಆರಿಸಿ ಕೇಂದ್ರ ಸರ್ಕಾರ ಒಂದು ಕಾರ್ಯಕ್ರಮ ಮಾಡಿದೆ. ನಮ್ಮ ರಾಜ್ಯದಿಂದ ಅದಕ್ಕೆ ಸೇರಿದ್ದು ರಾಯಚೂರು, ಯಾದಗಿರಿ ಎರಡೇ. ಆ ಊರುಗಳಲ್ಲಿ ಬೇಳೆ ಅನ್ನುವುದು ಮಕ್ಕಳ ಮೈಗೆ ಹಿಡಿಯುವ ಅನ್ನದ ಪ್ರಶ್ನೆ. ಬೇಳೆ ಅಗ್ಗವಾಗಿ ಸಿಗಬೇಕು ಅನ್ನುವ ಮಾತಿನಲ್ಲೂ ನ್ಯಾಯ ಇದೆ ಅಲ್ವಾ? ಅಗ್ಗ ಮಾಡುವ ಖರ್ಚು ಸರ್ಕಾರ ಹೊರಬೇಕು, ಪಡಿತರದಲ್ಲಿ ಬೇಳೆ ಕೊಟ್ಟು. ಬೆಳೆದವನ ಮೇಲೆ ಹಾಕಬಾರದು. ನನ್ನ ತಕರಾರು ಇಷ್ಟೇ.

ಬೆಂಬಲ ಬೆಲೆಯೂ ಎಲ್ಲರಿಗೂ ಸಿಗುವುದಿಲ್ಲ. ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಬೇಕು, ಪಹಣಿ ನಿಮ್ಮ ಹೆಸರಲ್ಲಿರಬೇಕು. ಪಾಲಿಗೆ ಹೊಲ ಮಾಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಗಂಡ ತೀರಿಹೋದ ಮೇಲೆ ಖಾತೆ ಬದಲಾಗದೆ ಕೂತ ಹೆಣ್ಣುಮಗಳ ಹೆಸರೂ ಇರುವುದಿಲ್ಲ. ಅವರ ತೊಗರಿ ಅಡತಿಗೇ ಹೋಗಬೇಕು. ಮೊಜಾಂಬಿಕ್‌ನಲ್ಲೂ ಇದೇ ಕಥೆ. ಅಲ್ಲಿ ಭೂಮಿ ಸರ್ಕಾರದ್ದು. ರೈತನಿಗೆ ಉಳುಮೆಯ ಹಕ್ಕು ಮಾತ್ರ, ಅದೂ ಎಷ್ಟೋ ಜನರಿಗೆ ಕಾಗದದಲ್ಲಿಲ್ಲ.

ಮಗಳ ಪಾಠಕ್ಕೆ ಬೇಕಾಗುತ್ತದೆ ಅಂತ ಮೊಜಾಂಬಿಕ್‌ನದೇ ಇನ್ನೆರಡು ಸಂಗತಿ ಹೇಳುತ್ತೇನೆ.

ಮೊದಲನೆಯದು ಗೋಡಂಬಿ. ಒಂದು ಕಾಲಕ್ಕೆ ಮೊಜಾಂಬಿಕ್ ಗೋಡಂಬಿಗೆ ಹೆಸರಾಗಿತ್ತು. ಅಲ್ಲೇ ಒಡೆದು ಸುಲಿಯುವ ಕಾರ್ಖಾನೆಗಳಿದ್ದವು. ಹಸಿ ಗೋಡಂಬಿ ಹೊರಗೆ ಹೋಗದ ಹಾಗೆ ರಫ್ತಿನ ಮೇಲೆ ತೆರಿಗೆ ಇತ್ತು. 1990ರ ದಶಕದ ನಡುವೆ ವಿಶ್ವಬ್ಯಾಂಕ್ ಸಾಲದ ಜೊತೆ ಒಂದು ಷರತ್ತು ಹಾಕಿತು. ಈ ತೆರಿಗೆ ಇಳಿಸಿ, ರೈತನಿಗೆ ಒಳ್ಳೆಯ ರೇಟು ಸಿಗುತ್ತದೆ ಅಂತ. ಕೇಳಲು ಸರಿಯಾಗಿಯೇ ಇದೆ. ಇಳಿಸಿದರು. ಹಸಿ ಗೋಡಂಬಿ ಹಡಗು ಹತ್ತಿ ಭಾರತಕ್ಕೆ ಬಂತು. ಕೊಂಡವರು ನಮ್ಮ ಕಾರ್ಖಾನೆಗಳು. ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಸಾವಿರಾರು ಜನ ಕೆಲಸ ಕಳೆದುಕೊಂಡರು, ಅವರಲ್ಲಿ ಹೆಂಗಸರೂ ಬಹಳ. ಆಮೇಲೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರೆ, ಗೋಡಂಬಿ ಬೆಳೆಯುವ ಒಂದು ಮನೆಗೆ ಸಿಕ್ಕ ಹೆಚ್ಚುವರಿ ಹಣ ವರ್ಷಕ್ಕೆ ಕೆಲವೇ ಡಾಲರ್. ಉಳಿದದ್ದು ನಡುವಿನವರಿಗೆ. ಮುಂದೆ ಮೊಜಾಂಬಿಕ್ ಸರ್ಕಾರ ತಾನೇ ತೆರಿಗೆಯನ್ನು ಮತ್ತೆ ಏರಿಸಿತು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿತ್ತು.

ಈ ಕಥೆ ನನಗೆ ಯಾಕೆ ಮುಖ್ಯ ಅಂದರೆ, ಕಲಬುರಗಿಯ ದಾಲ್ ಮಿಲ್‌ಗಳು ಕಣ್ಣಿಗೆ ಬರುತ್ತವೆ. ಬೆಳೆ ನಮ್ಮದು. ಬೇಳೆ ಒಡೆಯುವ ಕೆಲಸ ನಮ್ಮಲ್ಲೇ ಉಳಿದರೆ ಹಮಾಲಿಗೂ ಕೂಲಿ, ಚೀಲ ಹೊಲಿಯುವವರಿಗೂ ಕೂಲಿ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಒಳ್ಳೆಯದಾಯಿತು. ಆದರೆ ಆ ಗುರುತಿನ ಚೀಲದೊಳಗೆ ನಮ್ಮ ಎರಿ ಹೊಲದ ಬೇಳೆಯೇ ಇದೆಯಾ ಅಂತ ನೋಡುವವರು ಬೇಕು. ಇಲ್ಲದಿದ್ದರೆ ಹೆಸರು ಕಲಬುರಗಿಯದು, ಕಾಳು ಎಲ್ಲಿಯದೋ ಆಗುತ್ತದೆ.

ಎರಡನೆಯದು ಪ್ರೊಸವಾನಾ ಅನ್ನುವ ಯೋಜನೆ. ಜಪಾನ್, ಬ್ರೆಜಿಲ್, ಮೊಜಾಂಬಿಕ್ ಮೂರೂ ಸೇರಿ 2009ರಲ್ಲಿ ಒಪ್ಪಿಕೊಂಡದ್ದು. ನಕಾಲಾ ಬಂದರಿನ ರೈಲು ದಾರಿಯ ಉದ್ದಕ್ಕೂ, ಅಂದರೆ ನಮಗೆ ತೊಗರಿ ಬರುವ ಅದೇ ಪ್ರಾಂತ್ಯಗಳಲ್ಲಿ, ಬ್ರೆಜಿಲ್‌ನ ಸೆರಾಡೊ ಬಯಲಿನ ಮಾದರಿಯಲ್ಲಿ ದೊಡ್ಡ ಬೇಸಾಯ ಮಾಡಿಸುವುದು ಆಸೆ. ಅಲ್ಲಿನ ರೈತರಿಗೆ ಇದು ತಿಳಿದದ್ದು ತಡವಾಗಿ. ನಮ್ಮ ಭೂಮಿ ಏನಾಗುತ್ತದೆ ಅಂತ ಅವರು ಕೇಳಿದರು. 2013ರಲ್ಲಿ ಅಲ್ಲಿನ ರೈತ ಸಂಘಟನೆಗಳು ಮೂರೂ ದೇಶಗಳ ನಾಯಕರಿಗೆ ಬಹಿರಂಗ ಪತ್ರ ಬರೆದವು. ಜಪಾನ್‌ನ ಜನರೂ ಅವರ ಜೊತೆ ನಿಂತರು. 2020ರಲ್ಲಿ ಯೋಜನೆ ನಿಂತುಹೋಯಿತು. ಕಾರ್ಖಾನೆಗೆ ನೆಲ ಕೊಟ್ಟ ಊರುಗಳು ನಿಮ್ಮ ಸೇಡಂ ಕಡೆ ಇವೆಯಲ್ಲ, ಅಲ್ಲಿನ ಹಿರಿಯರಿಗೆ ಈ ಕಥೆ ಹೇಳಿ ನೋಡಿ. ಅವರಿಗೆ ವಿವರಿಸುವುದೇ ಬೇಕಾಗುವುದಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಅಂತರರಾಷ್ಟ್ರೀಯ ನೆರವು ಅಂದರೆ ಬರೀ ಮೋಸ ಅಂತ ನೀವು ತಿಳಿಯಬಾರದು. ನಿಮ್ಮ ಅಪ್ಪನ ಕಾಲದಲ್ಲಿ ನೆಟೆ ರೋಗಕ್ಕೆ ಬೆಳೆ ಹೋಗುತ್ತಿತ್ತು. 1986ರಲ್ಲಿ ಮಾರುತಿ ಅನ್ನುವ ತಳಿ ಬಂತು. ನೆಟೆ ರೋಗ ತಡೆದುಕೊಳ್ಳುವ ತಳಿ. ನಮ್ಮ ಭಾಗದಲ್ಲಿ ಅದು ಬೇಗ ಹರಡಿತು. ಅದರ ಹಿಂದೆ ಇದ್ದದ್ದು ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನ ಇಕ್ರಿಸ್ಯಾಟ್. ಒಣ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಅದು, 1972ರಲ್ಲಿ ಶುರುವಾದದ್ದು. ಅದನ್ನು ನಡೆಸಿದ್ದು ಹಲವು ದೇಶಗಳ ನೆರವಿನ ಹಣ. ಅದೇ ಸಂಸ್ಥೆ ಪೂರ್ವ ಆಫ್ರಿಕಾಕ್ಕೂ ತೊಗರಿ ತಳಿ ಕೊಟ್ಟಿದೆ. ನಂಪುಲಾದವನು, ನೀವು ಇಬ್ಬರೂ ಒಂದೇ ಮನೆಯ ಬೀಜ ಬಿತ್ತಿದವರು. ಆಮೇಲೆ ನಮ್ಮದೇ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್, ಜಿಆರ್‌ಜಿ-811 ತಳಿಗಳನ್ನು ಕೊಟ್ಟಿತು. ನನ್ನ ಲೆಕ್ಕದಲ್ಲಿ ಸಂಶೋಧನೆಗೆ ಹಾಕಿದ ನೆರವಿನಷ್ಟು ಬಡವನ ಮನೆ ಮುಟ್ಟಿದ್ದು ಇನ್ನೊಂದಿಲ್ಲ. ಅದರಿಂದ ಯಾರ ರೇಟೂ ಹೋಗಲಿಲ್ಲ. ದುಃಖ ಏನು ಅಂದರೆ ಈಗ ಶ್ರೀಮಂತ ದೇಶಗಳು ಕೈ ಹಿಂದೆ ಎಳೆದುಕೊಳ್ಳುತ್ತಿವೆ. ಅಮೆರಿಕ 2025ರ ಜುಲೈಗೆ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು.

ಹಾಗಾದರೆ ಏನು ಕೇಳಬೇಕು? ಆಮದು ಪೂರ್ತಿ ನಿಲ್ಲಿಸಿ ಅಂತ ನಾನು ಕೇಳುವುದಿಲ್ಲ. ದೇಶ ತಿನ್ನುವಷ್ಟು ತೊಗರಿ ನಾವು ಬೆಳೆಯುತ್ತಿಲ್ಲ. 2023-24ರಲ್ಲಿ ಬೆಳೆದದ್ದು ಸುಮಾರು 34 ಲಕ್ಷ ಟನ್, ಬೇಕಾದದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ನನಗೆ ಬೇಕಾದದ್ದು ಮೇ ತಿಂಗಳ ಒಂದು ಮಾತು. ನಾವು ಬಿತ್ತುವ ಮೊದಲೇ, ಈ ವರ್ಷ ಎಷ್ಟು ತರಿಸುತ್ತೇವೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ತರಿಸುತ್ತೇವೆ ಅಂತ ಹೇಳಿಬಿಡಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಪ್ಪಂದ ಬಿಟ್ಟು ಬೇರೆ ಮಾಲು ಇಳಿಯದ ಹಾಗೆ ನೋಡಿಕೊಳ್ಳಬೇಕು. ಒಪ್ಪಂದದ ದೇಶಗಳಿಗೆ ಟನ್ ಜೊತೆ ಕನಿಷ್ಠ ಬೆಲೆಯ ಮಾತನ್ನೂ ಕೊಡಬೇಕು. ಆಗ ನಂಪುಲಾದವನು ನಮ್ಮ ಗಾಬರಿ ನೋಡಿ ಬಿತ್ತುವುದು ತಪ್ಪುತ್ತದೆ. ರೇಟು ಬೆಂಬಲ ಬೆಲೆಗಿಂತ ಕೆಳಗೆ ಇಳಿದರೆ ವ್ಯತ್ಯಾಸದ ಹಣ ಖಜಾನೆಯಿಂದ ಬರಬೇಕು, ಪಹಣಿ ಇಲ್ಲದವರಿಗೂ ಸೇರಿಸಿ. ಇದಕ್ಕೆಲ್ಲಾ ವಿಶ್ವ ವ್ಯಾಪಾರ ಸಂಸ್ಥೆಯ ಅಡ್ಡಿ ಇದೆ ಅನ್ನುತ್ತಾರೆ. ಸ್ವಲ್ಪ ನಿಜ. ನಾವು 2017ರಲ್ಲಿ ಹಾಕಿದ ಹಾಗೆ ಇಷ್ಟೇ ಟನ್ ಅನ್ನುವ ಮಿತಿಗೆ ಆ ನಿಯಮಗಳಲ್ಲಿ ಜಾಗ ಕಡಿಮೆ. ಕೆನಡಾ, ಆಸ್ಟ್ರೇಲಿಯಾದಂತಹ ದೇಶಗಳು ಪ್ರಶ್ನೆ ಎತ್ತಿದ್ದವು. ಆದರೆ ಸುಂಕ ಏರಿಸಿ ಇಳಿಸಲು ನಮಗೆ ಬೇಕಾದಷ್ಟು ಜಾಗ ಇದೆ. ಆ ಜಾಗವನ್ನು ಸಮಯ ನೋಡಿ ಬಳಸುವ ಮನಸ್ಸು ಇಲ್ಲ ಅಷ್ಟೇ.

ಮನಸ್ಸು ಯಾಕಿಲ್ಲ? ಬೇಳೆ ಬೆಲೆ ಏರಿದರೆ ಅವತ್ತೇ ಸಂಜೆ ಟಿ.ವಿ.ಯಲ್ಲಿ ಬರುತ್ತದೆ. ತೊಗರಿ ರೇಟು ಬಿದ್ದರೆ ಗಂಜ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ನಂಪುಲಾದಲ್ಲಿ ಬಿದ್ದರೆ ದೆಹಲಿಗೆ ಗೊತ್ತೇ ಆಗುವುದಿಲ್ಲ. ಅವನಿಗೆ ಇಲ್ಲಿ ವೋಟಿಲ್ಲ. ನಿಮಗಿದೆ. ಮೂರು ಜಿಲ್ಲೆಗಳ ತೊಗರಿ ಬೆಳೆಗಾರರು ಮೇ ತಿಂಗಳಲ್ಲಿ ಒಂದೇ ಬೇಡಿಕೆ ಇಟ್ಟು ಕೂತರೆ ಕೇಳದೆ ವಿಧಿಯಿಲ್ಲ. ನಾವು ಸಾಮಾನ್ಯವಾಗಿ ಧರಣಿ ಕೂರುವುದು ಜನವರಿಯಲ್ಲಿ, ರೇಟು ಬಿದ್ದ ಮೇಲೆ. ಅಷ್ಟರಲ್ಲಿ ಹಡಗು ಬಂದು ಇಳಿದಿರುತ್ತದೆ.

ಇನ್ನು ನಿಮ್ಮ ಕೈಯಲ್ಲಿ ಇರುವುದು. ಏಳಕ್ಕೆ ಏಳು ಎಕರೆ ತೊಗರಿ ಬೇಡ. ಸಾಲಿನ ನಡುವೆ ಹೆಸರು, ಉದ್ದು ಹಾಕುವ ಹಳೆಯ ಪದ್ಧತಿ ಬಿಡಬೇಡಿ. ಶ್ರಾವಣ ಮುಗಿಯುವ ಹೊತ್ತಿಗೆ ಅಷ್ಟಿಷ್ಟು ಹಣ ಕೈಗೆ ಬಂದರೆ ಜನವರಿಯಲ್ಲಿ ಅವಸರಕ್ಕೆ ಮಾರುವುದು ತಪ್ಪುತ್ತದೆ. ಫ್ರೂಟ್ಸ್ ಐಡಿಯಲ್ಲಿ ಏಳು ಎಕರೆಯೂ ಸರಿಯಾಗಿ ಸೇರಿದೆಯಾ, ಬೆಳೆ ಸಮೀಕ್ಷೆಯಲ್ಲಿ ತೊಗರಿ ಅಂತಲೇ ದಾಖಲಾಗಿದೆಯಾ ಅಂತ ಈಗಲೇ ನೋಡಿಕೊಳ್ಳಿ. ಖರೀದಿ ಕೇಂದ್ರದಲ್ಲಿ ನಿಂತು ನೋಡಿದರೆ ಪ್ರಯೋಜನ ಇಲ್ಲ. ನೋಂದಾಯಿತ ಗೋದಾಮಿನಲ್ಲಿ ಮಾಲು ಇಟ್ಟರೆ ರಸೀದಿಯ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆ. ಒಬ್ಬರಿಂದ ಕಷ್ಟ. ಊರಿನ ಹತ್ತು ಮಂದಿ ಕೂಡಿದರೆ ಆಗುತ್ತದೆ.

ಮಗಳಿಗೆ ಒಂದು ಕೆಲಸ ಹೇಳಿ. ಎಂ.ಎ.ಗೆ ಪ್ರಬಂಧ ಬರೆಯುವುದು ಇರುತ್ತದಲ್ಲ. ಕಲಬುರಗಿ ಎಪಿಎಂಸಿಯಲ್ಲಿ ದಿನದಿನದ ಆವಕ, ರೇಟು ಬರೆದಿಟ್ಟಿರುತ್ತಾರೆ. ಯಾವ ತಿಂಗಳು ಎಷ್ಟು ತೊಗರಿ ಆಮದಾಯಿತು ಅನ್ನುವ ಲೆಕ್ಕ ಕೇಂದ್ರದ ವಾಣಿಜ್ಯ ಇಲಾಖೆಯಲ್ಲಿ ಸಿಗುತ್ತದೆ. 2016ರಿಂದ ಈಚೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಸರ್ಕಾರದ ಆದೇಶಗಳ ತಾರೀಖನ್ನೂ ಅದರ ಮೇಲೆ ಗುರುತು ಹಾಕಲಿ. ನಾನು ಹೇಳಿದ್ದು ಎಷ್ಟು ಸರಿ, ಎಲ್ಲಿ ತಪ್ಪು ಅಂತ ಆಕೆಗೇ ಕಾಣುತ್ತದೆ. ಆ ಹಾಳೆ ಸಿದ್ಧ ಆದರೆ ಒಂದು ಪ್ರತಿ ನನಗೂ ಕಳಿಸಲಿ. ಮುಂದಿನ ಮೇ ತಿಂಗಳ ಬೇಡಿಕೆ ಪತ್ರಕ್ಕೆ ಅದನ್ನೇ ಹಚ್ಚೋಣ.